ಬುಳುಕ್ ಎನ್ನದ ಬಕೆಟ್ಟು

ಜನವರಿ ೭, ಭಾನುವಾರ

ಇವತ್ತು ನಾನು ಬೀರು ಮಾಡಿದೆ. ನಾನೇ! ಈ ಎರಡೇ ಕೈಗಳಿಂದ! ನಿಜ ಹೇಳಬೇಕೆಂದರೆ ಇನ್ನೂ ಬೀರು ಆಗಿಲ್ಲ, ಕಂದು ಬಣ್ಣದ ಸಿಹಿನೀರು ಬಕೆಟ್ಟಿನಲ್ಲಿ ಕೂತಿದೆ ಅಷ್ಟೇ. ಆದರೆ ಆಗುತ್ತದೆ. ಆಗಲೇಬೇಕು.

ಮದುವೆಗೆ ಭಾವ, ಅಂದರೆ ನನ್ನ ರಾಜನ ಅಣ್ಣ, ಒಂದು ದೊಡ್ಡ ಪೆಟ್ಟಿಗೆ ಕೊಟ್ಟಿದ್ದರು. ಒಳಗೆ ಮುಚ್ಚಳವಿರುವ ಬಿಳಿ ಪ್ಲಾಸ್ಟಿಕ್ ಬಕೆಟ್ಟು, ಒಂದು ಡಬ್ಬಿ ಮಾಲ್ಟು (ಬಾರ್ಲಿಯ ಸಿಹಿ ಪಾಕ), ಪುಟ್ಟ ಪೊಟ್ಟಣದಲ್ಲಿ ಯೀಸ್ಟು, ಒಂದೆರಡು ಗಾಜಿನ ಸಾಮಾನು. ಮನೆಯಲ್ಲೇ ಬೀರು ಮಾಡುವ ಕಿಟ್ಟು. ‘ಇದು ತಮ್ಮನಿಗೆ ಕಣಮ್ಮ. ನಿನಗಲ್ಲ. ಇದಕ್ಕೆಲ್ಲ ತಾಳ್ಮೆ ಬೇಕು’ ಅಂದರು. ಊಟದ ಮೇಜಿನ ಸುತ್ತ ಎರಡೂ ಕಡೆಯವರು ಕೂತಿದ್ದರು. ನನಗೆ ಎಲ್ಲಿಂದ ಧೈರ್ಯ ಬಂತೋ, ‘ನಮ್ಮ ಮನೆಗೆ ಮೊದಲ ಊಟಕ್ಕೆ ಬರ್ತೀರಲ್ಲ ಭಾವ, ಅವತ್ತು ನಾನೇ ಮಾಡಿದ ಬೀರು ಬಡಿಸ್ತೀನಿ, ನೋಡ್ತಿರಿ’ ಅಂದುಬಿಟ್ಟೆ. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನನ್ನ ಸ್ವಂತ ಅಪ್ಪ. ‘ಯಾರು, ನಮ್ಮ ಅರ್ಧಂಬರ್ಧನಾ? ಲೋಟದಲ್ಲಿ ಅರ್ಧ ಬಂದ್ರೆ ಹೆಚ್ಚು!’

ಅರ್ಧಂಬರ್ಧ ಎನ್ನುವುದು ತವರಿನಲ್ಲಿ ನನಗಿಟ್ಟ ಹೆಸರು. ಗಿಟಾರು ಅರ್ಧ ಕಲಿತೆ, ಈಜು ಅರ್ಧ ಕಲಿತೆ, ಹೆಣೆದ ಸ್ವೆಟರಿಗೆ ಒಂದೇ ತೋಳು. (ಆ ತೋಳು ಬಹಳ ಚೆನ್ನಾಗಿತ್ತು.) ಆ ಹೆಸರು ತವರಲ್ಲೇ ಉಳಿಯಲಿ ಎಂದುಕೊಂಡಿದ್ದೆ. ಅಪ್ಪ ಅದನ್ನೂ ಬೀಗರ ಕೈಗೆ ಕೊಟ್ಟುಬಿಟ್ಟರು. ಊಟದ ದಿನ ಫೆಬ್ರವರಿ ಹನ್ನೊಂದು. ಅವತ್ತು ಮೇಜಿನ ಮೇಲೆ ಬೀರು ಇಲ್ಲದಿದ್ದರೆ ಭಾವ ನನ್ನನ್ನು ಸಾಯುವವರೆಗೂ ಅದೇ ಹೆಸರಿನಿಂದ ಕರೆಯುತ್ತಾರೆ. ನನ್ನ ಮಕ್ಕಳೂ ಕರೆಯುತ್ತವೆ. ಇಲ್ಲ. ಸಾಧ್ಯವೇ ಇಲ್ಲ.

ನನ್ನ ರಾಜ ಪಾತ್ರೆಗಳನ್ನೆಲ್ಲ ಮೂರು ಮೂರು ಸಲ ತೊಳೆದುಕೊಟ್ಟ. ನಾನು ಬಿಸಿನೀರಿಗೆ ಮಾಲ್ಟು ಸುರಿದು, ಕಲಕಿ, ಆರಿಸಿ, ಯೀಸ್ಟು ಉದುರಿಸಿದೆ. ಆಮೇಲೆ ಹೈಡ್ರೋಮೀಟರು. ಗಾಜಿನ ಬುಡದ ಸಣ್ಣ ಕಡ್ಡಿ. ಸಿಹಿನೀರಿನಲ್ಲಿ ಮೇಲೆ ತೇಲುತ್ತದೆ, ಯೀಸ್ಟು ಸಕ್ಕರೆ ತಿಂದು ಮುಗಿಸಿದಷ್ಟೂ ಕೆಳಗಿಳಿಯುತ್ತದೆ. ಅದರ ಮೇಲಿನ ಅಂಕಿಗಳೋ ಇರುವೆ ಗಾತ್ರ. ಅದಕ್ಕೆ ಇವತ್ತು ನೀರು ಮುಟ್ಟಿದ ಜಾಗದಲ್ಲಿ ನನ್ನ ಮದುವೆಯ ದಿನದ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆದೆ. ‘ಗಾಜಿಗೂ ಶೃಂಗಾರನಾ?’ ಅಂದ ರಾಜ. ಅಯ್ಯೋ, ಅವನು ನಕ್ಕಾಗ ಕನ್ನಡಕ ಮೂಗಿನಿಂದ ಜಾರುವುದು ನೋಡಬೇಕು! ಊರಿಗೆಲ್ಲ ಕನ್ನಡಕ ಮಾಡಿಕೊಡುವ ಅಂಗಡಿಯವನ ಸ್ವಂತ ಕನ್ನಡಕ ಸಡಿಲ.

ಮುಚ್ಚಳದ ಮೇಲೆ ಸೊಟ್ಟ ಕೊಳವೆ ಇದೆ, ಅದರಲ್ಲಿ ಒಂದು ಗುಟುಕು ನೀರು. ಒಳಗಿನ ಗಾಳಿ ಆ ನೀರಿನೊಳಗಿಂದ ಹೊರಗೆ ಹೋಗುವಾಗ ‘ಬುಳುಕ್’ ಅನ್ನಬೇಕಂತೆ. ಭಾವ ಹೇಳಿದ್ದು ಒಂದೇ ಮಾತು: ‘ಬುಳುಕ್ ಅಂದ್ರೆ ಬದುಕಿದೆ. ಅನ್ನಲಿಲ್ಲ ಅಂದ್ರೆ ಸತ್ತಿದೆ.’

ಇನ್ನು ಅನ್ನುತ್ತದೆ. ಕಿವಿ ಅಲ್ಲೇ ಇದೆ.

ಜನವರಿ ೮, ಸೋಮವಾರ

ಅಂದಿಲ್ಲ. ಮೊದಲ ದಿನ ನಾಚಿಕೆ ಇರಬಹುದು. ನನಗೂ ಇತ್ತು.

ಜನವರಿ ೯, ಮಂಗಳವಾರ

ಕ್ಲಿನಿಕ್ಕಿನಿಂದ ಓಡಿ ಬಂದು ಬಕೆಟ್ಟಿಗೆ ಕಿವಿ ಕೊಟ್ಟೆ. (ನಾನು ಹಲ್ಲಿನ ಡಾಕ್ಟರ ಹತ್ತಿರ ರಿಸೆಪ್ಷನಿಸ್ಟು. ದಿನವಿಡೀ ದವಡೆ ಹಿಡಿದುಕೊಂಡವರ ಮುಖ ನೋಡುವ ಕೆಲಸ. ಮನೆಗೆ ಬಂದು ಒಂದು ಬುಳುಕ್ ಕೇಳುವ ಹಕ್ಕು ನನಗಿಲ್ಲವೇ?) ಅಡುಗೆಮನೆಯ ಕಿಟಕಿಯ ಕೆಳಗೆ ಬಕೆಟ್ಟು ಮಂಜುಗಡ್ಡೆಯ ಹಾಗೆ ಕೂತಿತ್ತು. ಏನೂ ಇಲ್ಲ. ಕೊಳವೆಯ ನೀರು ಕದಲಿಲ್ಲ.

‘ಬೇಜಾರು ಮಾಡ್ಕೋಬೇಡ ಕಣೇ’ ಅಂದ ರಾಜ.

‘ನನಗೇನು ಬೇಜಾರು? ಅದಕ್ಕೆ ಬೇಜಾರು ಇರಬೇಕು.’

‘ನಾನು ಮಾಡಿದ ಸಾರು ಹೇಗಿದೆ?’

‘ಸೂಪರ್’ ಎಂದೆ.

‘ನೀನು ಮಾಡಿದ ಬೀರೂ ಸೂಪರಾಗೇ ಇರುತ್ತೆ.’

ಇಂಥ ಗಂಡ ಯಾರಿಗೆ ಸಿಗುತ್ತಾನೆ! ಅವನಿಗೆ ನಾನು ಮಾಡಿದ್ದೆಲ್ಲ ಸೂಪರ್. ಹೊಸ ಪರದೆ ಸೂಪರ್, ಸೀದ ರೊಟ್ಟಿ ಸೂಪರ್, ನಾನು ಹಾಡುವುದೂ ಸೂಪರ್.

ಜನವರಿ ೧೦, ಬುಧವಾರ

ಭಾವ ಬಂದಿದ್ದರು. ಕೆಲಸ ಮುಗಿಸಿ ಹೋಗುವ ದಾರಿಯಲ್ಲಂತೆ. ಶೂ ಬಿಚ್ಚದೆ ನೇರವಾಗಿ ಅಡುಗೆಮನೆಗೆ ನಡೆದು ಕಲ್ಲಂಗಡಿ ಹಣ್ಣು ನೋಡುವವರ ಹಾಗೆ ಬಕೆಟ್ಟನ್ನು ಬೆರಳಿನಿಂದ ಬಡಿದರು.

‘ಬುಳುಕ್ ಅಂತಾ?’

‘ಇನ್ನೂ ಇಲ್ಲ.’

‘ಸತ್ತಿದೆ. ಬಚ್ಚಲಿಗೆ ಸುರಿ.’

‘ನೋಡದೇ ಹೇಗೆ ಹೇಳ್ತೀರಾ?’

‘ನೋಡೋದೇನಮ್ಮ ಅದರಲ್ಲಿ? ನಾನು ಎಷ್ಟು ಸಲ ಮಾಡಿಲ್ಲ!’ (ಒಂದು ಸಲ. ರಾಜ ಹೇಳಿದ್ದಾನೆ.) ‘ನನ್ನದು ಎರಡನೇ ದಿನಕ್ಕೇ ರೈಲು ಹೋದ ಹಾಗೆ ಬುಳುಬುಳು ಅಂತಿತ್ತು. ಇದು ಹೆಣ. ಊಟದ ದಿನ ನಾನೇ ಅಂಗಡಿದು ತರ್ತೀನಿ ಬಿಡು, ಅರ್ಧಂಬರ್ಧ.’

ಅಂದೇಬಿಟ್ಟರು! ಒಂದು ತಿಂಗಳೂ ಕಾಯಲಿಲ್ಲ!

‘ಸುರಿಯಲ್ಲ ಭಾವ’ ಅಂದೆ. ‘ಇದು ಸತ್ತಿದ್ರೆ ನಾನೇ ಹೇಳ್ತೀನಿ. ನೀವು ಹೇಳೋದು ಬೇಡ.’

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ರಾಜ ನಮ್ಮಿಬ್ಬರ ಮಧ್ಯೆ ಟೀ ತಟ್ಟೆ ಹಿಡಿದುಕೊಂಡು, ‘ಬಿಸಿ ಇದೆ, ಬಿಸಿ ಇದೆ’ ಎನ್ನುತ್ತಾ ನಿಂತಿದ್ದ. ಪಾಪ, ಅವನಿಗೆ ಜಗಳ ಅಂದರೆ ಆಗುವುದಿಲ್ಲ.

ಜನವರಿ ೧೧, ಗುರುವಾರ

ಇವತ್ತು ಅತ್ತೆಯ ಜೊತೆ ಜಗಳ ಆಗಿಹೋಯಿತು. ಬರೆದೇ ಬರೆಯುತ್ತೇನೆ, ಅದೂ ಅವರು ಕೊಟ್ಟ ಡೈರಿಯಲ್ಲೇ!

ಅತ್ತೆ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವರು. ನಮ್ಮ ಮದುವೆಯ ಕಾಗದದಲ್ಲೇ ಕೆಂಪು ಪೆನ್ನಿನಿಂದ ನಾಲ್ಕು ತಪ್ಪು ಗುರುತು ಹಾಕಿ ವಾಪಸ್ಸು ಕೊಟ್ಟಿದ್ದರು. ‘ಇಂಗ್ಲಿಷ್ ಸ್ಕೂಲಲ್ಲಿ ಓದಿದೋಳು, ದಿನಾ ಒಂದು ಪುಟ ಕನ್ನಡ ಬರಿ, ಕೈ ಕೂಡುತ್ತೆ’ ಎಂದು ಈ ಡೈರಿ ಕೊಟ್ಟರು. ಮಾತು ಕಡಿಮೆ. ಅವರ ಎದುರು ನಾನು ವಾಕ್ಯ ಶುರು ಮಾಡಿದರೆ ಕ್ರಿಯಾಪದ ಸಿಗುವುದೇ ಇಲ್ಲ.

ಫೋನು ಮಾಡಿ ಯೋಗಕ್ಷೇಮ ಕೇಳಿ, ಆಮೇಲೆ ಹೇಳಿದರು: ‘ಅದೇನೋ ಬೀರು ಮಾಡ್ತಿದ್ದೀಯಂತೆ. ಸರಿಯಾಗಿ ಹುದುಗಿಸಿದ್ದೀಯಾ?’

ಹುದುಗು! ಏಳನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಪದಗಳಲ್ಲಿ ನನಗೆ ಇವತ್ತಿಗೂ ನೆನಪಿರುವುದು ಹತ್ತೋ ಹನ್ನೆರಡೋ, ಅದರಲ್ಲಿ ಇದೂ ಒಂದು. ಹುದುಗು ಎಂದರೆ ಅಡಗು, ಮರೆಯಾಗು. ಹುದುಗಿಸು ಎಂದರೆ ಬಚ್ಚಿಡು. ಅಂದರೆ ಹೊಸ ಸೊಸೆ ಬೀರು ಮಾಡುವುದು ನಾಲ್ಕು ಜನರ ಕಣ್ಣಿಗೆ ಬೀಳಬಾರದು, ಎಲ್ಲಾದರೂ ಬಚ್ಚಿಡು ಅಂತ!

‘ನಾನ್ಯಾಕೆ ಹುದುಗಿಸಲಿ ಅತ್ತೆ?’ ಅಂದೆ. ‘ಎಲ್ಲರಿಗೂ ಕಾಣೋ ಹಾಗೇ ಇಟ್ಟಿದ್ದೀನಿ. ಇದರಲ್ಲಿ ಹುದುಗಿಸೋ ಅಂಥದ್ದು ಏನೂ ಇಲ್ಲ.’

‘ಹುದುಗಿಸದೇ ಬೀರು ಹೇಗಾಗುತ್ತಮ್ಮ?’ ಅಂದರು.

‘ಆಗುತ್ತೆ. ಮಾಡಿ ತೋರಿಸ್ತೀನಿ.’

‘ಸರಿ. ನಿನ್ನಿಷ್ಟ’ ಎಂದು ಫೋನಿಟ್ಟರು.

ಬಚ್ಚಿಡದೇ ಬೀರು ಮಾಡಲಾಗದಂತೆ! ಯಾವ ಕಾಲದಲ್ಲಿದ್ದಾರೆ? ಫೋನಿಟ್ಟವಳೇ ಬಕೆಟ್ಟನ್ನು ಅಡುಗೆಮನೆಯ ಕಿಟಕಿಯ ಕೆಳಗಿನಿಂದ ಎಳೆದುಕೊಂಡು ಬಂದು ಹಾಲಿನ ನಟ್ಟನಡುವೆ ಇಡಲು ನೋಡಿದೆ. ಬಿಸಿಲು ಬೀಳಬಾರದು ಎಂದು ಕಿಟ್ಟಿನ ಮೇಲೆ ಬರೆದಿತ್ತು. ಅದಕ್ಕೆ ಅಲ್ಲೇ ಇರುವ ಫ್ರಿಜ್ಜಿಗೆ ಒತ್ತಿಕೊಂಡು, ಸೋಫಾದ ಪಕ್ಕ ಇಟ್ಟೆ. ಬಾಗಿಲು ತೆರೆದರೆ ಮೊದಲು ಕಾಣುವುದು ಅದೇ. ಫ್ರಿಜ್ಜಿನ ಹಿಂಭಾಗದ ಶಾಖಕ್ಕೆ ಆ ಜಾಗ ಬೆಚ್ಚಗಿದೆ.

ರಾಜನಿಗೆ, ‘ನಿಮ್ಮಮ್ಮ ಬಕೆಟ್ಟು ಬಚ್ಚಿಡು ಅಂದ್ರು’ ಅಂದೆ.

‘ಅಮ್ಮ ಹಾಗಂದ್ರಾ?’ ಅವನಿಗೆ ಆಶ್ಚರ್ಯ. ಆಮೇಲೆ ಮೆತ್ತಗೆ, ‘ಊಟದ ದಿನ ಒಂದಿನ ಬಾಲ್ಕನಿಯಲ್ಲಿ ಇಡೋಣ್ವಾ?’

‘ಬೇಕಾದ್ರೆ ನಾನು ಬಾಲ್ಕನಿಯಲ್ಲಿ ಇರ್ತೀನಿ. ಬಕೆಟ್ಟು ಇಲ್ಲೇ.’

ಜನವರಿ ೧೩, ಶನಿವಾರ

ಬುಳುಕ್!!!

ಬುಳುಕ್ ಅಂದಿತು! ನಾನು ಬಟ್ಟೆ ಮಡಚುತ್ತಿದ್ದೆ, ರಾಜ ಸೋಫಾದಲ್ಲಿ ಪೇಪರು ಓದುತ್ತಿದ್ದ, ಇದ್ದಕ್ಕಿದ್ದ ಹಾಗೆ ಬುಳುಕ್! ದಿಂಬಿನ ಕವರು ತಲೆಗೆ ಹಾಕಿಕೊಂಡು ಕುಣಿದೆ. ಮತ್ತೆ ಎರಡು ಸಲ ಅಂದಿತು. ಭಾವನಿಗೆ ಫೋನು ಮಾಡು ಮಾಡು ಎಂದರೆ ರಾಜ, ‘ಬೇಡ ಕಣೇ, ಇನ್ನೂ ಸ್ವಲ್ಪ ದಿನ ನೋಡೋಣ’ ಎಂದ. ಎಷ್ಟು ವಿನಯ! ಮುಖವೆಲ್ಲ ಕೆಂಪಾಗಿತ್ತು ಅವನಿಗೆ, ನನ್ನ ಖುಷಿ ನೋಡಿ.

ಜನವರಿ ೧೫, ಸೋಮವಾರ

ಬೆಳಿಗ್ಗೆ ಇಲ್ಲ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗಲೂ ಇಲ್ಲ. ಸಂಜೆ ರಾಜ ಅಂಗಡಿಯಿಂದ ಬಂದು ಸೋಫಾದಲ್ಲಿ ಕೂತ ಕೂಡಲೇ ಬುಳುಕ್, ಬುಳುಕ್. ನನ್ನ ಹಾಗೆ ಅದಕ್ಕೂ ಇವನೆಂದರೆ ಪ್ರಾಣ! ‘ನಿನ್ನ ಕಾಲ್ಗುಣ’ ಎಂದೆ. ಅವನಿಗೆ ಕೆಮ್ಮು ಬಂತು.

ಜನವರಿ ೧೬, ಮಂಗಳವಾರ

ಅಪ್ಪನಿಗೆ ಫೋನಿನಲ್ಲಿ ಕೇಳಿಸಬೇಕೆಂದು ಕೊಳವೆಯ ಹತ್ತಿರ ಹಿಡಿದು ಬಹಳ ಹೊತ್ತು ಕಾದೆ. ರಾಜ ಸ್ನಾನ ಮಾಡುತ್ತಿದ್ದ. ಬರಲೇ ಇಲ್ಲ. ‘ಏನೂ ಕೇಳಿಸ್ತಿಲ್ವಲ್ಲಮ್ಮ’ ಅಂದರು ಅಪ್ಪ. ‘ನಿಮ್ಮ ಫೋನು ಸರಿ ಇಲ್ಲ’ ಎಂದು ಇಟ್ಟೆ.

ಜನವರಿ ೧೮, ಗುರುವಾರ

ಕ್ಲಿನಿಕ್ಕಿನಲ್ಲಿ ನಲ್ಲಿ ನೀರು ನಿಂತುಹೋಗಿತ್ತು, ಬೇಗ ಬಿಟ್ಟರು. ಇವನ ಅಂಗಡಿಗೂ ರಜೆ. ಕೈಕಾಲು ತೊಳೆದು, ಬಾಗಿಲ ಪಕ್ಕದ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆ. ಕನ್ನಡಿಯಲ್ಲಿ ಸೋಫಾ ಕಾಣುತ್ತದೆ. ಸೋಫಾದಲ್ಲಿ ಇವನು, ಮುಖದ ಮುಂದೆ ಪೇಪರು. ಪೇಪರಿನ ಕೆಳಗಿಂದ ಮೊಣಕೈ ನಿಧಾನಕ್ಕೆ ಹೊರಗೆ ಬಂತು. ಬಕೆಟ್ಟಿನ ಮುಚ್ಚಳದ ಮೇಲೆ ಕೂತಿತು. ಒತ್ತಿತು.

ಬುಳುಕ್.

‘ಕೇಳಿಸ್ತಾ?’ ಅಂದ ಇವನು, ಪೇಪರು ಇಳಿಸದೆ.

ನಾನು ತಿರುಗಿದೆ. ಮೊಣಕೈ ಇನ್ನೂ ಅಲ್ಲೇ ಇತ್ತು.

‘ಎಷ್ಟು ದಿನದಿಂದ?’

ಪೇಪರು ಇಳಿಯಿತು. ‘ಶನಿವಾರದಿಂದ ಕಣೇ. ನಿನ್ನ ಮುಖ ನೋಡೋಕಾಗ್ತಿರ್ಲಿಲ್ಲ. ದಿನಾ ಬಂದು ಆ ಬಕೆಟ್ಟಿಗೆ ಕಿವಿ ಕೊಡ್ತಿದ್ದೆ. ಒಂದು ಸಲ ಒತ್ತಿದೆ, ನೀನು ಕುಣಿದೆ. ಆಮೇಲೆ ನಿಲ್ಲಿಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ.’

‘ಅಂದ್ರೆ ನಿನಗೂ ಇದು ಸತ್ತಿದೆ ಅಂತಲೇ.’

ಪೇಪರನ್ನು ನಾಲ್ಕಾಗಿ ಮಡಚಿದ.

‘ಅಂಗಡೀಲಿ ಬಂದೋರಿಗೆಲ್ಲ ಕೇಳ್ತೀಯಲ್ಲ, ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ ಅಂತ. ಅಕ್ಷರ ಕಾಣದೇ ಇರೋರಿಗೆ ಕಾಣ್ತಿದೆ ಅಂತ ನೀನೇ ಹೇಳಿ ಕಳಿಸ್ತೀಯಾ?’

‘ಅದು ಬೇರೆ.’

‘ಏನು ಬೇರೆ? ಭಾವ ಎದುರಿಗೆ ನಿಂತು ಸತ್ತಿದೆ ಅಂದ್ರು. ನೀನು ಪೇಪರಿನ ಹಿಂದೆ ಕೂತು ಅದನ್ನೇ ಅಂದೆ.’

ಸೀದ ರೊಟ್ಟಿ. ಪರದೆ. ಹಾಡು. ಇವುಗಳಲ್ಲಿ ಯಾವ್ಯಾವುದರ ಮೇಲೆ ಮೊಣಕೈ ಇತ್ತೋ.

ಜನವರಿ ೧೯, ಶುಕ್ರವಾರ

ಮಾತಿಲ್ಲ. ಬಕೆಟ್ಟೂ ಮಾತಾಡಿಲ್ಲ.

ಜನವರಿ ೨೦, ಶನಿವಾರ

ಬಚ್ಚಲವರೆಗೆ ಬಕೆಟ್ಟು ಎಳೆದುಕೊಂಡು ಹೋಗಿದ್ದೆ. ಮುಚ್ಚಳಕ್ಕೆ ಕೈ ಹಾಕಿ ನಿಂತೆ. ಸುರಿದುಬಿಟ್ಟರೆ ಎಲ್ಲರೂ ಹೇಳಿದ್ದು ಸರಿಯಾಗುತ್ತದೆ: ಭಾವ, ಅತ್ತೆ, ಅಪ್ಪ, ಇವನು. ವಾಪಸ್ಸು ಎಳೆದುಕೊಂಡು ಬಂದು ಫ್ರಿಜ್ಜಿನ ಪಕ್ಕ ಇಟ್ಟೆ.

ಕ್ಲಿನಿಕ್ಕಿನಲ್ಲಿ ಒಬ್ಬ ಹೆಂಗಸು ಕುರ್ಚಿಯಲ್ಲಿ ಕೂತು ಬಾಯಿ ಬಿಗಿಹಿಡಿದು, ‘ನೋವೇ ಇಲ್ಲ ಡಾಕ್ಟ್ರೇ, ಅಂದ್ಮೇಲೆ ಸರಿಯಾಗೇ ಇರಬೇಕಲ್ಲ? ಹೋಗ್ಲಾ ನಾನು?’ ಎನ್ನುತ್ತಿದ್ದರು. ನಮ್ಮ ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುತ್ತಾ, ‘ನೋವು ಇದೆ, ನೋವು ಇಲ್ಲ, ಅದೆಲ್ಲ ನನಗೆ ಬೇಡಮ್ಮ. ಬಾಯಿ ತೆಗೀರಿ. ನೋಡದೇ ನಾನು ಯಾರ ಹಲ್ಲಿನ ಬಗ್ಗೆನೂ ಮಾತಾಡಲ್ಲ’ ಅಂದರು.

ನಾನು ಅಪಾಯಿಂಟ್‌ಮೆಂಟು ಬರೆಯುತ್ತಿದ್ದ ಪೆನ್ನು ಹಾಗೇ ನಿಂತಿತು. ಇಷ್ಟು ದಿನ ಎಲ್ಲರೂ ಬಕೆಟ್ಟನ್ನು ಬಡಿದರು, ಕಿವಿ ಕೊಟ್ಟರು, ಒತ್ತಿದರು. ಬಾಯಿ ತೆಗೆದು ನೋಡಿದವರು ಯಾರು?

ಜನವರಿ ೨೧, ಭಾನುವಾರ

ಬೆಳಿಗ್ಗೆ ಎದ್ದವಳೇ ಕೈ ತೊಳೆದು, ಸೌಟು ಬಿಸಿನೀರಿನಲ್ಲಿ ಕುದಿಸಿ, ಮುಚ್ಚಳ ತೆಗೆದೆ.

ಮೊದಲು ವಾಸನೆ ಬಂತು. ಕೊಳೆತ ವಾಸನೆಯಲ್ಲ, ಸಿಹಿಯೂ ಅಲ್ಲ. ಬ್ರೆಡ್ಡಿನ ಅಂಗಡಿಯ ಹಿಂಬಾಗಿಲಲ್ಲಿ ನಿಂತ ಹಾಗೆ. ನೀರಿನ ಮಟ್ಟದಿಂದ ಒಂದು ಗೇಣು ಮೇಲೆ, ಬಕೆಟ್ಟಿನ ಒಳಗೋಡೆಯ ಸುತ್ತ, ಕಂದು ಬಣ್ಣದ ಒಣಗಿದ ಪಟ್ಟಿ. ಟೀ ಉಕ್ಕಿ ಇಳಿದ ಪಾತ್ರೆಯಲ್ಲಿ ಇರುತ್ತದಲ್ಲ, ಹಾಗೆ. ಅಂದರೆ ಇದರೊಳಗೆ ನೊರೆ ಎದ್ದಿದೆ. ಎದ್ದು, ಗೋಡೆ ಹತ್ತಿ, ಇಳಿದಿದೆ. ನಾವೆಲ್ಲ ಹೊರಗೆ ಕೂತು ಹೆಣ ಹೆಣ ಎನ್ನುತ್ತಿದ್ದಾಗ!

ಉದ್ದ ಲೋಟಕ್ಕೆ ಸ್ವಲ್ಪ ತೆಗೆದು ಹೈಡ್ರೋಮೀಟರು ಬಿಟ್ಟೆ. ಅದು ತೂಗಾಡಿ ನಿಂತಿತು. ನನ್ನ ಕೆಂಪು ಗೆರೆ ಕಾಣಲಿಲ್ಲ. ಬಗ್ಗಿ ನೋಡಿದೆ. ಗೆರೆ ನೀರಿನೊಳಗೆ ಮುಳುಗಿತ್ತು, ಚೆನ್ನಾಗಿ ಕೆಳಗೆ. ಸಕ್ಕರೆ ಹೋಗಿದೆ. ಯೀಸ್ಟು ತಿಂದುಬಿಟ್ಟಿದೆ.

ಹಾಗಾದರೆ ಗಾಳಿ ಎಲ್ಲಿಂದ ಹೋಯಿತು? ಯೋಚಿಸುತ್ತಾ ಮುಚ್ಚಳ ಮತ್ತೆ ಹಾಕಿ, ಪಾತ್ರೆ ತೊಳೆಯುವ ಸೋಪು ನೊರೆ ಮಾಡಿ ಅಂಚಿನ ಸುತ್ತ ಬಳಿದೆ. ಇವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಗುರುವಾರದ ಮೇಲೆ ಮೊದಲ ಸಲ ಮಾತಾಡಿಸಿದೆ.

‘ಬಾ ಇಲ್ಲಿ. ಒತ್ತು.’

‘ಏನು?’

‘ನಿನಗೆ ಗೊತ್ತಿರೋ ಕೆಲಸ ತಾನೇ? ಮೊಣಕೈ ಇಡು. ಮೆತ್ತಗೆ ಒತ್ತು.’

ಒತ್ತಿದ. ಅಂಚಿನ ಒಂದು ಕಡೆ, ಗೋಡೆಯತ್ತ ತಿರುಗಿದ್ದ ಜಾಗದಲ್ಲಿ, ಸೋಪಿನ ಗುಳ್ಳೆಗಳು ಎದ್ದವು. ಬೆರಳಿನಿಂದ ಮುಟ್ಟಿದೆ, ಕೂದಲಿನಷ್ಟು ಸಣ್ಣ ಬಿರುಕು. ಗಾಳಿ ತಾನಾಗಿ ಮೆಲ್ಲಗೆ ಹೋಗುವಾಗ ಅಲ್ಲಿಂದಲೇ ಹೋಗಿದೆ, ಕೊಳವೆಯವರೆಗೆ ಬಂದೇ ಇಲ್ಲ. ಯಾರಾದರೂ ಜೋರಾಗಿ ಒತ್ತಿದರೆ ಮಾತ್ರ ಬುಳುಕ್.

‘ಬದುಕಿತ್ತು’ ಅಂದ ಇವನು, ಮೊಣಕೈ ತೆಗೆಯದೆ.

‘ಬದುಕಿತ್ತು.’

‘ನಾನು ನಂಬಬೇಕಿತ್ತು.’

‘ನಂಬದಿದ್ರೆ ಪರವಾಗಿಲ್ಲ. ನಂಬಲ್ಲ ಅಂತ ಬಾಯಿಬಿಟ್ಟು ಹೇಳು. ಭಾವನ ಜೊತೆ ಹೇಗೆ ಜಗಳ ಆಡಿದ್ನೋ ಹಾಗೇ ನಿನ್ನ ಜೊತೆನೂ ಆಡ್ತೀನಿ. ಒತ್ತೋದು ಮಾತ್ರ ಬೇಡ.’

ತಿಂಡಿಗೆ ದೋಸೆಯೂ ಇಲ್ಲ ರೊಟ್ಟಿಯೂ ಇಲ್ಲ, ಬ್ರೆಡ್ಡು ಸುಟ್ಟೆ. ‘ಹೇಗಿದೆ?’ ಎಂದೆ. ಇವನು ಬಹಳ ಹೊತ್ತು ಅಗಿದ. ‘ಒಂದು ಕಡೆ ಸೀದಿದೆ’ ಅಂದ. ಕೋಪ ಬಂತು. ಆದರೂ ಆ ತುಂಡನ್ನು ಅವನ ತಟ್ಟೆಯಿಂದ ತೆಗೆದು ನಾನೇ ತಿಂದೆ. ನಿಜವಾಗಿಯೂ ಸೀದಿತ್ತು.

ಜನವರಿ ೨೪, ಬುಧವಾರ

ಮತ್ತೆ ಅಳೆದೆ. ಕಡ್ಡಿ ಭಾನುವಾರ ನಿಂತ ಕಡೆಯೇ ನಿಂತಿದೆ. ಇನ್ನು ಇಳಿಯುವುದಿಲ್ಲ. ಯೀಸ್ಟಿನ ಊಟ ಮುಗಿದಿದೆ.

ಅತ್ತೆ ಆವತ್ತಿನಿಂದ ಫೋನು ಮಾಡಿಲ್ಲ. ನಾನೂ ಮಾಡಿಲ್ಲ.

ಜನವರಿ ೨೮, ಭಾನುವಾರ

ಬಾಟಲಿಗೆ ತುಂಬಿಸಿದೆವು. ಗಾಜಿನದಲ್ಲ, ಸೋಡಾದ ಹನ್ನೆರಡು ಖಾಲಿ ಪ್ಲಾಸ್ಟಿಕ್ ಬಾಟಲಿಗಳು. ಪ್ರತಿಯೊಂದಕ್ಕೂ ಚಿಟಿಕೆ ಸಕ್ಕರೆ. ಉಳಿದಿರುವ ಯೀಸ್ಟು ಅದನ್ನು ತಿಂದು ಗ್ಯಾಸು ಮಾಡಬೇಕು. ಪ್ಲಾಸ್ಟಿಕ್ಕಿನದಾದರೆ ಹಿಸುಕಿ ನೋಡಬಹುದು: ಮೆತ್ತಗಿದ್ದರೆ ಇನ್ನೂ ಇಲ್ಲ, ಕಲ್ಲಾದರೆ ಆಯಿತು. ಇವನು ನಳಿಕೆ ಹಿಡಿದ, ನಾನು ಮುಚ್ಚಳ ತಿರುಗಿಸಿದೆ. ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ, ಜಗಳವೂ ಇರಲಿಲ್ಲ. ಇದು ನನಗೆ ಹೊಸದು.

ಫೆಬ್ರವರಿ ೪, ಭಾನುವಾರ

ಹಿಸುಕಿದೆ. ಇನ್ನೂ ಮೆತ್ತಗಿವೆ. ಭಾವ ಫೋನು ಮಾಡಿ, ‘ಎಷ್ಟು ಬಾಟಲಿ ತರಲಮ್ಮ?’ ಎಂದರು.

‘ನಿಮಗೆ ಎಷ್ಟು ಬೇಕೋ ಅಷ್ಟೇ ತನ್ನಿ ಭಾವ. ಅದನ್ನ ಕುಡಿಯೋರು ನೀವೊಬ್ರೇ.’

‘ಇನ್ನೂ ಸುರಿದಿಲ್ವಾ ಅದನ್ನ?’

‘ಸುರಿದೆ. ಬಾಟಲಿಗೆ.’

ಫೆಬ್ರವರಿ ೯, ಶುಕ್ರವಾರ

ಕಲ್ಲು! ಹನ್ನೆರಡೂ ಕಲ್ಲಿನ ಹಾಗೆ! ಇವನನ್ನು ಕರೆದು, ‘ಹಿಸುಕಿ ನೋಡು, ನಿಜ ಹೇಳು’ ಎಂದೆ. ಒಂದೊಂದನ್ನೂ ಹಿಸುಕಿದ. ‘ಗಟ್ಟಿ ಇದೆ’ ಅಂದ. ಆಮೇಲೆ, ‘ರುಚಿ ಹೇಗಿರುತ್ತೋ ಗೊತ್ತಿಲ್ಲ’ ಎಂದೂ ಸೇರಿಸಿದ. ಸೇರಿಸಲಿ.

ಫೆಬ್ರವರಿ ೧೧, ಭಾನುವಾರ

ಎಲ್ಲರೂ ಹೋದರು. ಪಾತ್ರೆಗಳು ಹಾಗೇ ಬಿದ್ದಿವೆ. ಮೊದಲು ಬರೆಯುತ್ತೇನೆ.

ಖಾಲಿ ಬಕೆಟ್ಟನ್ನು ಫ್ರಿಜ್ಜಿನ ಪಕ್ಕದಿಂದ ತೆಗೆಯಲಿಲ್ಲ. ಅತ್ತೆ ಒಳಗೆ ಬರುತ್ತಲೇ ಅದನ್ನು ನೋಡಿದರು. ನಾನು ಅವರನ್ನು ನೋಡಿದೆ. ಭಾವ ಅಂಗಡಿಯ ಚೀಲವನ್ನು ಟಣಟಣ ಎನಿಸುತ್ತಾ ಮೇಜಿನ ಮೇಲಿಟ್ಟರು. ನಾನು ಆ ಚೀಲವನ್ನು ಹಾಗೆಯೇ ಎತ್ತಿ ಕುರ್ಚಿಯ ಕೆಳಗಿಟ್ಟೆ. ಫ್ರಿಜ್ಜಿನಿಂದ ನನ್ನ ಬಾಟಲಿ ತಂದೆ. ಅಪ್ಪ ಅಮ್ಮನ ಕಡೆ ನೋಡಿ ಕಣ್ಣು ಮಿಟುಕಿಸಿದ್ದು ನನಗೆ ಕಾಣಿಸಿತು.

ಮುಚ್ಚಳ ತಿರುಗಿಸಿದೆ. ಸ್ಸ್‌ಸ್ಸ್ ಅಂದಿತು. ಸ್ವಲ್ಪ ಮೋಡ ಮೋಡವಾದ ಜೇನಿನ ಬಣ್ಣ, ಮೇಲೆ ಎರಡು ಬೆರಳು ನೊರೆ. ಆರು ಲೋಟ ತುಂಬಿಸಿದೆ, ಕೊನೆಯದು ನನಗೆ.

ಭಾವ ಮೂಸಿ ನೋಡಿ, ಒಂದು ಗುಟುಕು ಕುಡಿದು ತಲೆ ಅಲ್ಲಾಡಿಸಿದರು. ‘ಆಗೋದೇ ಇಲ್ಲ. ಆ ಬಕೆಟ್ಟು ಬುಳುಕ್ ಅಂದಿಲ್ಲ, ನಾನೇ ನೋಡಿದ್ದೀನಿ. ಇದು ಅಂಗಡಿದು, ಬಾಟಲಿ ಬದಲಾಯಿಸಿದ್ದೀರ. ಏನೋ ತಮ್ಮಾ, ನೀನು ಹೇಳು. ಹೆಂಡತಿ ಕಡೆ ನೋಡ್ಬೇಡ, ನನ್ನ ಕಡೆ ನೋಡಿ ಹೇಳು.’

ಇವನು ಕನ್ನಡಕ ಮೇಲಕ್ಕೆ ತಳ್ಳಿದ. ಈಗ ‘ಬಿಸಿ ಇದೆ, ಬಿಸಿ ಇದೆ’ ಎನ್ನುತ್ತಾನೆ ಎಂದುಕೊಂಡೆ.

‘ನಿಜ ಅಣ್ಣ, ಬುಳುಕ್ ಅಂದಿಲ್ಲ. ಅಂದಿದ್ದೆಲ್ಲ ನನ್ನ ಮೊಣಕೈ. ಸತ್ತಿದೆ ಅಂತ ನಿನ್ನ ಹಾಗೇ ನಾನೂ ಅಂದ್ಕೊಂಡಿದ್ದೆ, ಇವಳಿಗೆ ಗೊತ್ತಾಗ್ಬಾರ್ದು ಅಂತ ಕದ್ದು ಒತ್ತುತ್ತಿದ್ದೆ. ಮುಚ್ಚಳ ತೆಗೆದು ನೋಡಿದ್ದು ಇವಳೊಬ್ಳೇ. ಇದರಲ್ಲಿ ನನ್ನ ಪಾಲು ಪಾತ್ರೆ ತೊಳೆದಿದ್ದು ಅಷ್ಟೇ.’ ಒಂದು ಗುಟುಕು ಕುಡಿದು ನನ್ನ ಕಡೆ ತಿರುಗಿದ. ‘ಹಸಿ ಸೇಬಿನ ವಾಸನೆ ಸ್ವಲ್ಪ ಜಾಸ್ತಿ ಕಣೇ. ಆದ್ರೆ ಚೆನ್ನಾಗಿದೆ.’

ಸೂಪರ್ ಅನ್ನಲಿಲ್ಲ. ಚೆನ್ನಾಗಿದೆ ಅಂದ.

ಅತ್ತೆ ಅಷ್ಟು ಹೊತ್ತೂ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಪ್ರೂಫಿನ ಹಾಳೆ ನೋಡುವ ಹಾಗೆ. ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ‘ಚೆನ್ನಾಗಿ ಹುದುಗಿದೆ’ ಅಂದರು.

ಮತ್ತೆ ಅದೇ! ‘ಎಲ್ಲಿ ಹುದುಗಿದೆ ಅತ್ತೆ?’ ಅಂದೆ. ‘ಮೇಜಿನ ಮೇಲೇ ಇದೆಯಲ್ಲ. ಬಕೆಟ್ಟೂ ಬಾಗಿಲ ಎದುರಿಗೇ ಇದೆ. ನಾನು ಏನನ್ನೂ ಬಚ್ಚಿಡಲ್ಲ ಅಂತ ಆವತ್ತೇ ಹೇಳಿದ್ನಲ್ಲ.’

ಅತ್ತೆ ಲೋಟ ಕೆಳಗಿಟ್ಟರು. ‘ಬಚ್ಚಿಡೋದಾ? ಬಚ್ಚಿಡು ಅಂತ ಯಾರಂದ್ರು ನಿನಗೆ?’

‘ನೀವೇ. ಫೋನಲ್ಲಿ. ಹುದುಗಿಸಿದ್ದೀಯಾ ಅಂದ್ರಿ. ಹುದುಗು ಅಂದ್ರೆ ಅಡಗು ಅಂತ ಸ್ಕೂಲಲ್ಲಿ ಓದಿದ್ದೀನಿ ನಾನು!’

ಅತ್ತೆ ನನ್ನನ್ನೇ ನೋಡಿದರು. ಅವರ ಭುಜ ಅಲುಗಾಡತೊಡಗಿತು. ಅತ್ತೆ ನಗುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಾರೆ. ‘ಅಯ್ಯೋ ಹುಡುಗೀ! ಹಿಟ್ಟು ಹುದುಗು ಬರಲ್ವಾ? ಹುಳಿ ಬಂದು ಉಬ್ಬಲ್ವಾ? ನಿಮ್ಮ ಸ್ಕೂಲಲ್ಲಿ ಅದನ್ನ ಏನಂತಿದ್ರು?’

‘ಫರ್ಮೆಂಟ್’ ಅಂದೆ.

‘ಅದೇ ಕಣೇ ಹುದುಗು! ನಾನು ಅಷ್ಟು ಆಸೆಯಿಂದ ಕೇಳಿದ್ರೆ ನನ್ನ ಮೇಲೇ ಹಾರಿದ್ಯಲ್ಲ. ಹುದುಗಿಸದೇ ಬೀರು ಮಾಡ್ತಾಳಂತೆ, ಹೇಳಿದ್ರೂ ಕೇಳಲ್ಲ, ಭಾರೀ ಗಟ್ಟಿಗಿತ್ತಿ ಅಂತ ಪ್ರೆಸ್ಸಲ್ಲೆಲ್ಲ ಹೇಳಿದ್ದೀನಿ.’

ಭಾವ ಮೇಜು ಬಡಿದು ನಕ್ಕರು, ಇವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನನಗೆ ನಾಚಿಕೆ ಆಗಬೇಕಿತ್ತು. ಆಯಿತು, ಸ್ವಲ್ಪ. ಆದರೆ ಅತ್ತೆಯ ಮೇಲೆ ಹಾರಿದ್ದಕ್ಕೆ ಮಾತ್ರ ಬೇಸರವಿಲ್ಲ. ಆ ಸಿಟ್ಟು ಬರದಿದ್ದರೆ ಬಕೆಟ್ಟು ಅಡುಗೆಮನೆಯ ಚಳಿಯಲ್ಲೇ ಕೂತಿರುತ್ತಿತ್ತು. ಫ್ರಿಜ್ಜಿನ ಶಾಖಕ್ಕೆ ಬರುತ್ತಲೇ ಇರಲಿಲ್ಲ. ಅದನ್ನೂ ಹೇಳಿದೆ. ‘ಅಂದ್ರೆ ಇದು ನನ್ನಿಂದಲೇ ಆಗಿದ್ದು ಅನ್ನು’ ಎಂದರು ಅತ್ತೆ. ‘ನಿಮ್ಮಿಂದ ಬಂದ ಸಿಟ್ಟಿನಿಂದ’ ಎಂದೆ. ಭಾವನ ಲೋಟ ಖಾಲಿಯಾಗಿತ್ತು. ಅವರ ಚೀಲವನ್ನು ಕುರ್ಚಿಯ ಕೆಳಗಿನಿಂದ ಯಾರೂ ತೆಗೆಯಲಿಲ್ಲ.

ಅಪ್ಪ ಖಾಲಿ ಲೋಟ ಮುಂದೆ ಚಾಚಿದರು. ‘ಇನ್ನೊಂದು ಅರ್ಧ ಹಾಕಮ್ಮ.’

‘ಅರ್ಧ ಇಲ್ಲಪ್ಪ’ ಅಂದೆ. ‘ಈ ಮನೇಲಿ ಅರ್ಧ ಬಡಿಸಲ್ಲ.’

ಅಂಚಿನವರೆಗೆ ಸುರಿದೆ. ನೊರೆ ಉಕ್ಕಿ ಅಪ್ಪನ ಅಂಗಿಯ ತೋಳಿನೊಳಕ್ಕೆ ಇಳಿಯಿತು. ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಫೆಬ್ರವರಿ ೧೮, ಭಾನುವಾರ

ಎರಡನೇ ಬಕೆಟ್ಟು ಹಾಕಿದೆ. ಹೊಸ ಮುಚ್ಚಳ ತರೋಣ ಎಂದ ಇವನು. ಬೇಡ ಎಂದೆ, ಇದರ ಬಿರುಕು ಎಲ್ಲಿದೆ ಎಂದು ನನಗೆ ಗೊತ್ತು. ಇವನು ಪೇಪರು ಹಿಡಿದು ಸೋಫಾದ ಆ ತುದಿಯಲ್ಲಿ, ಎರಡೂ ಮೊಣಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾನೆ.

ಬಕೆಟ್ಟು ಸುಮ್ಮನಿದೆ. ಇರಲಿ.